ಫುಟ್‌ಪಾತ್‌ನಲ್ಲಿ ಅಳೆದ ಸದ್ದು

ಬೆಳಗಿನ ಜಾವ 4:50. ನಾಲ್ಕನೇ ಮಹಡಿಯ ಮಲಗುವ ಕೋಣೆಯಲ್ಲಿ ಸೌಂಡ್ ಮೀಟರ್ ಹಿಡಿದು ನಿಂತಿದ್ದೆ. ಕಿಟಕಿಯ ಸಂದಿಗೆ ಅಜ್ಜಿ ಹಳೇ ಸೀರೆ ತುರುಕಿದ್ದರು. "ತಡಿಯಪ್ಪಾ, ಅದನ್ನ ತೆಗೀತೀನಿ, ಆಮೇಲೆ ಕೇಳು" ಅಂದರು.

ಮನೆ ಎದುರೇ ಮೆಟ್ರೊ ವಯಾಡಕ್ಟ್, ಅಂದರೆ ಕಂಬಗಳ ಮೇಲಿನ ರೈಲು ಸೇತುವೆ, ಅದೂ ತಿರುವಿನಲ್ಲಿ. ಅಲ್ಲಿ ಸದ್ದು ತಡೆಯುವ ನಾಯ್ಸ್ ಬ್ಯಾರಿಯರ್ ಪ್ಯಾನೆಲ್ ಹಾಕಿದ್ದು ನಮ್ಮ ತಂಡ. ಹಾಕಿದ ಮೇಲೆ ಅಳತೆ ಮಾಡಿದ್ದು ನಾನು. ಕೆಳಗೆ ಫುಟ್‌ಪಾತ್‌ನಲ್ಲಿ ಸ್ಟ್ಯಾಂಡ್ ಇಟ್ಟೆ, ರೀಡಿಂಗ್ ಚೆನ್ನಾಗಿ ಬಂತು, ಸಹಿ ಹಾಕಿದೆ. ಅಜ್ಜಿ ದೂರು ಕೊಟ್ಟಾಗ "ಕಡಿಮೆ ಆಗಿದೆಯಮ್ಮಾ, ಅಭ್ಯಾಸ ಆಗುತ್ತೆ" ಅಂತ ಫೋನಿನಲ್ಲೇ ಹೇಳಿಬಿಟ್ಟಿದ್ದೆ. ಆ ಮಾತು ನೆನಪಾದರೆ ಈಗಲೂ ನಾಚಿಕೆಯಾಗುತ್ತದೆ.

5 ಗಂಟೆ ದಾಟಿತು. ಅಜ್ಜಿ ಮಂಚದ ತುದಿಯಲ್ಲಿ ಸುಮ್ಮನೆ ಕೂತಿದ್ದರು. ಮೊದಲು ಗಾಜು ಸಣ್ಣಗೆ ನಡುಗಿತು. ಆಮೇಲೆ ತಿರುವಿನ ಆ ಕೀರಲು. ನಾನು ಮೀಟರ್ ಬಿಟ್ಟು ಹೊರಗೆ ನೋಡಿದೆ. ಪ್ಯಾನೆಲ್‌ನ ಮೇಲಂಚು ನನ್ನ ಕಣ್ಣಿಗಿಂತ ಕೆಳಗಿತ್ತು. ಅದರಾಚೆ ಚಕ್ರ ಕಾಣುತ್ತಿತ್ತು.

ಸದ್ದು ಹುಟ್ಟುವುದೇ ಚಕ್ರ ಹಳಿಗೆ ತಾಗುವಲ್ಲಿ. ಆ ಜಾಗ ಕಿಟಕಿಗೆ ಕಾಣದಂತೆ ಮರೆಯಾದರೆ ಸುಮಾರು 5 ಡೆಸಿಬೆಲ್ ಇಳಿಯುತ್ತದೆ. ಬ್ಯಾರಿಯರ್ ಇನ್ನೂ ಎತ್ತರವಿದ್ದರೆ ಇನ್ನಷ್ಟು. ಚಕ್ರ ಕಂಡರೆ ಪ್ಯಾನೆಲ್ ಇದ್ದೂ ಇಲ್ಲದ ಹಾಗೆ. ಫುಟ್‌ಪಾತ್‌ಗಾದರೆ ವಯಾಡಕ್ಟ್ ಸ್ಲ್ಯಾಬೇ ಮರೆ. ಅಲ್ಲಿ ನಿಂತು ನಾನು ಅಳೆದಿದ್ದಾದರೂ ಏನು? ಅದೂ ಬೆಳಿಗ್ಗೆ 11ಕ್ಕೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ರಾತ್ರಿ ಅಂದರೆ 10ರಿಂದ 6. ವಸತಿ ಪ್ರದೇಶಕ್ಕೆ ರಾತ್ರಿಯ ಮಿತಿ 45 ಡೆಸಿಬೆಲ್. ಮೊದಲ ರೈಲು ರಾತ್ರಿ ಲೆಕ್ಕಕ್ಕೇ ಬರುತ್ತದೆ ಅಲ್ವಾ?

ಆಫೀಸಿಗೆ ಬಂದು ರಿಪೋರ್ಟ್ ವಾಪಸ್ ತಗೊಳ್ಳುತ್ತೇನೆ ಅಂದೆ. "ಬಿಲ್ ಪಾಸಾಗಿದೆ, ಸುಮ್ನೆ ಯಾಕೆ?" ಅಂದರು ನಮ್ಮ ಮ್ಯಾನೇಜರ್. ಕೆಲಸದ ಪ್ರಮಾಣ-ದರದ ಪಟ್ಟಿಯಾದ ಬಿಒಕ್ಯೂನಲ್ಲಿ ಪ್ಯಾನೆಲ್‌ಗೆ ರನ್ನಿಂಗ್ ಮೀಟರ್ ಲೆಕ್ಕ, ಅಂದರೆ ಬರೀ ಉದ್ದ. ಎದುರು ಎಷ್ಟು ಮಹಡಿ ಇದೆ ಅಂತ ಬರೆಯಲು ಕಾಲಮ್ಮೇ ಇಲ್ಲ. ಎತ್ತರಿಸಿದರೆ ಗಾಳಿಯ ಹೊಡೆತ ಜಾಸ್ತಿ, ಸೇತುವೆ ಅಂಚಿನ ಗೋಡೆಯ (ಪ್ಯಾರಪೆಟ್) ಬೋಲ್ಟ್‌ನಿಂದ ಹಿಡಿದು ಡಿಸೈನ್ ಮತ್ತೆ ಆಗಬೇಕು. ಅದು ನನಗೂ ಗೊತ್ತು. ಆದರೂ ಕಿಟಕಿಯ ರೀಡಿಂಗ್ ಹಾಕಿ ಹೊಸದಾಗಿ ಬರೆದೆ. ಅಷ್ಟರೊಳಗೆ ತಿರುವಿನ ಹಳಿಗೆ ಲೂಬ್ರಿಕೇಶನ್ ಆದರೂ ಮಾಡಿ ಅಂತ ಕೇಳಿಕೊಂಡೆ.

ಅದು ಆಯಿತು, ಕೀರಲು ತಗ್ಗಿದೆ. ಪ್ಯಾನೆಲ್ ಫೈಲ್ ಇನ್ನೂ ನಮ್ಮ ಆಫೀಸಿನಲ್ಲೇ ಇದೆ. ಮೊನ್ನೆ ಆ ಬೀದಿಯಲ್ಲಿ ಹೋಗುವಾಗ ತಲೆಯೆತ್ತಿ ನೋಡಿದೆ. ಕಿಟಕಿಯ ಸಂದಿಯಲ್ಲಿ ಸೀರೆ ಹಾಗೇ ಇತ್ತು.