ಮಿಶಿಗನ್ ಸರೋವರದಲ್ಲಿ ಸಾಲ್ಮನ್ ಬೇಟೆ: ಬೆಂಗಳೂರಿನಿಂದ ಹೊರಡುವವರಿಗೆ

ಅಮೆರಿಕದ ಚಿಕಾಗೊ, ಮಿಲ್ವಾಕಿ ಕಡೆಗೆ ಮಕ್ಕಳನ್ನು ನೋಡಲು ಹೋಗಿ ಬರುವವರು ಬನಶಂಕರಿಯ ನಮ್ಮ ಒಂದೇ ಬೀದಿಯಲ್ಲಿ ನಾಲ್ಕು ಮನೆಗಳಲ್ಲಿದ್ದಾರೆ. ನಾನು ಹಿಂದಿರುಗಿದ ಮೇಲೆ ಅವರಲ್ಲಿ ಮೂವರು ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿನ ಮಿಶಿಗನ್ ಸರೋವರದಲ್ಲಿ ಸಾಲ್ಮನ್ ಮೀನು ಹಿಡಿಯಲು ನಾವೂ ಹೋಗಬಹುದೇ? ಖಂಡಿತ ಹೋಗಬಹುದು. ಆದರೆ ಒಂದೇ ಒಂದು ದಿನವನ್ನು ಗೊತ್ತುಮಾಡಿಕೊಂಡು ಹೋಗಬೇಡಿ. ಕನಿಷ್ಠ ಮೂರು ಬೆಳಗುಗಳನ್ನು ಬೇರೇನೂ ಇಟ್ಟುಕೊಳ್ಳದೆ ಬಿಟ್ಟಿರಿ. ನಾನು ಹೇಳುವುದರಲ್ಲಿ ಇದೊಂದು ನೆನಪಿದ್ದರೂ ಸಾಕು.

ನಾನು ಹುಟ್ಟಿದ್ದು ಕುಂದಾಪುರದ ಹತ್ತಿರ. ಅಪ್ಪಯ್ಯ ಹೊಳೆಯ ದಂಡೆಯಲ್ಲಿ ಗಾಳ ಹಾಕಿ ಕುಳಿತಾಗ ಪಕ್ಕದಲ್ಲಿ ಎರೆಹುಳುವಿನ ಡಬ್ಬಿ ಹಿಡಿದು ಕುಳಿತಿರುತ್ತಿದ್ದೆ. ಆಮೇಲೆ ಬೆಂಗಳೂರಿಗೆ ಬಂದು ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಭೌತವಿಜ್ಞಾನ ಕಲಿಸಿದೆ. ಆ ನೀರಿನ ಮೇಲೆ ಎರಡೂ ಉಪಯೋಗಕ್ಕೆ ಬಂದವು, ಎರಡನೆಯದು ಹೆಚ್ಚಾಗಿ.

ಮೊದಲು ಅಳತೆ ತಿಳಿದಿರಲಿ. ಹಲಸೂರು ಕೆರೆಯನ್ನೋ ಹೆಬ್ಬಾಳ ಕೆರೆಯನ್ನೋ ಮನಸ್ಸಿನಲ್ಲಿಟ್ಟುಕೊಂಡರೆ ಪ್ರಯೋಜನವಿಲ್ಲ. ಮಿಶಿಗನ್ ಸರೋವರ ಸುಮಾರು 494 ಕಿಲೋಮೀಟರ್ ಉದ್ದ, ಹೆಚ್ಚೂಕಡಿಮೆ ಬೆಂಗಳೂರಿನಿಂದ ಬೆಳಗಾವಿಗೆ ಹೋದಷ್ಟು. ಅತಿ ಅಗಲವಾದ ಕಡೆ 190 ಕಿಲೋಮೀಟರ್, ಅಂದರೆ ಇಲ್ಲಿಂದ ಹಾಸನ ಮುಟ್ಟುವಷ್ಟು. ಅತಿ ಆಳ 281 ಮೀಟರ್. ಅಷ್ಟೂ ಸಿಹಿನೀರು. ಗಾಳಿ ಬೀಸಿದರೆ ಕಡಲಿನಂತೆಯೇ ಅಲೆ ಏಳುತ್ತದೆ. ನಾವು ದೋಣಿ ಕಾದಿರಿಸಿದ್ದು ಜುಲೈ ತಿಂಗಳ ಒಂದು ಸೋಮವಾರಕ್ಕೆ. ಭಾನುವಾರ ರಾತ್ರಿಯೇ ಕ್ಯಾಪ್ಟನ್ ಸಂದೇಶ ಕಳುಹಿಸಿದರು: ಪೂರ್ವದ ಗಾಳಿ ಜೋರಾಗಿದೆ, ನಾಳೆ ಬೇಡ. ಮಂಗಳವಾರವೂ ಬೇಡವೆಂದರು. ಮಗಳು ಬೇಸರಪಟ್ಟುಕೊಂಡಳು. ನನಗೆ ಮಾತ್ರ ಆ ಮನುಷ್ಯನ ಮೇಲೆ ನಂಬಿಕೆ ಹುಟ್ಟಿತು. ಗಾಳಿ ನೋಡಿ ಬೇಡವೆನ್ನುವ ದೋಣಿಯವನ ಜೊತೆಗೇ ನೀರಿಗಿಳಿಯಬೇಕು ಎಂಬುದು ನಮ್ಮೂರಿನಲ್ಲಿ ಎಲ್ಲರಿಗೂ ಗೊತ್ತಿರುವ ವಿಷಯ.

ಬುಧವಾರ ಬೆಳಗಿನ ನಾಲ್ಕೂವರೆಗೆ ಹೊರಟೆವು. ಈ ಬಗೆಯ ಮೀನುಗಾರಿಕೆಗೆ ಟ್ರೋಲಿಂಗ್ ಎನ್ನುತ್ತಾರೆ. ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳ ಬಲೆ ಎಳೆಯುವ ಕೆಲಸಕ್ಕೂ ಇದಕ್ಕೂ ಸಂಬಂಧವಿಲ್ಲ. ಇಲ್ಲಿ ಬಲೆಯೇ ಇಲ್ಲ. ದೋಣಿ ಗಂಟೆಗೆ ಎರಡರಿಂದ ಮೂರು ಮೈಲಿ ವೇಗದಲ್ಲಿ, ಬೆಳಗ್ಗೆ ಲಾಲ್‌ಬಾಗಿನಲ್ಲಿ ನಾವು ನಡೆಯುವಷ್ಟೇ ನಿಧಾನವಾಗಿ ಸಾಗುತ್ತದೆ. ಹಿಂದೆ ಹಲವು ಗಾಳಗಳು ಬೇರೆ ಬೇರೆ ಆಳದಲ್ಲಿ ತೇಲಿ ಬರುತ್ತವೆ. ಗಾಳದ ತುದಿಯಲ್ಲಿ ಎರೆಹುಳುವಿಲ್ಲ. ಚಮಚದ ಆಕಾರದ ಬಣ್ಣದ ತಗಡು ಇರುತ್ತದೆ, ಹೆಸರೂ ಸ್ಪೂನ್ ಎಂದೇ. ಎಳೆದಾಗ ಅದು ಗಾಯಗೊಂಡ ಸಣ್ಣ ಮೀನಿನಂತೆ ಹೊರಳಾಡುತ್ತದೆ.

ಆಳಕ್ಕೆ ಇಳಿಸುವ ಉಪಕರಣಗಳನ್ನು ಹೊರಡುವ ಮುಂಚೆಯೇ ತಿಳಿದುಕೊಂಡರೆ ದೋಣಿಯಲ್ಲಿ ಗೊಂದಲವಾಗುವುದಿಲ್ಲ. ಡೌನ್‌ರಿಗ್ಗರ್ ಎಂಬುದು ಬಾವಿಯ ರಾಟೆಯಂಥ ಸಾಧನ. ಉಕ್ಕಿನ ತಂತಿಯ ತುದಿಯಲ್ಲಿ ನಾಲ್ಕೂವರೆಯಿಂದ ಐದೂವರೆ ಕಿಲೋ ತೂಗುವ ಸೀಸದ ಗುಂಡು. ಗಾಳದ ನೂಲನ್ನು ಆ ತಂತಿಗೆ ಒಂದು ಕ್ಲಿಪ್ಪಿನಿಂದ ಸಿಕ್ಕಿಸಿ ಬೇಕಾದ ಆಳಕ್ಕೆ ಇಳಿಸುತ್ತಾರೆ. ನೂಲನ್ನು ಬಿಗಿಗೊಳಿಸಿದಾಗ ಗಾಳದ ಕೋಲು ಬಿಲ್ಲಿನಂತೆ ಬಾಗಿ ನಿಲ್ಲುತ್ತದೆ. ಮೀನು ಕಚ್ಚಿದೊಡನೆ ಕ್ಲಿಪ್ಪು ಕಳಚಿ, ಕೋಲು ಫಟ್ಟನೆ ನೆಟ್ಟಗಾಗುತ್ತದೆ. ಆ ಕ್ಷಣಕ್ಕಾಗಿಯೇ ಎಲ್ಲರ ಕಣ್ಣು ಕೋಲುಗಳ ಮೇಲಿರುತ್ತದೆ. ಇನ್ನು ಡೈವರ್ ಎಂಬ ಪ್ಲಾಸ್ಟಿಕ್ ಬಿಲ್ಲೆ ನೀರಿನ ಒತ್ತಡದಿಂದ ಗಾಳವನ್ನು ಕೆಳಕ್ಕೂ ಪಕ್ಕಕ್ಕೂ ಒಯ್ಯುತ್ತದೆ. ಸೀಸದ ಎಳೆಯುಳ್ಳ ನೂಲೂ ಉಂಟು. ಹತ್ತು ಗಜಕ್ಕೊಮ್ಮೆ ಅದರ ಬಣ್ಣ ಬದಲಾಗುವುದರಿಂದ, ಎಷ್ಟು ಬಣ್ಣ ಬಿಟ್ಟೆವು ಎಂದು ಎಣಿಸಿದರೆ ಗಾಳ ಎಷ್ಟು ಆಳದಲ್ಲಿದೆ ಎಂಬ ಅಂದಾಜು ಸಿಗುತ್ತದೆ.

ಮೊದಲ ಮೂರು ಗಂಟೆ ಒಂದು ಕೋಲೂ ಅಲುಗಲಿಲ್ಲ. ಆಗ ಕ್ಯಾಪ್ಟನ್ ಸೀಸದ ಗುಂಡಿನ ಬಳಿ ಕಟ್ಟಿದ್ದ ಉಷ್ಣಮಾಪಕದ ಅಂಕಿಗಳನ್ನು ನನಗೆ ತೋರಿಸಿದರು. ಅರವತ್ತು ಅಡಿಯವರೆಗೂ ನೀರು ಬೆಚ್ಚಗಿತ್ತು. ನೂರು ಅಡಿ ದಾಟುವ ಹೊತ್ತಿಗೆ ಉಷ್ಣತೆ ಥಟ್ಟನೆ ಇಳಿದಿತ್ತು.

ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ಬರೆದದ್ದು ಅಲ್ಲಿ ಕಣ್ಣೆದುರಿಗಿತ್ತು. ನೀರು ಅತಿ ಹೆಚ್ಚು ಸಾಂದ್ರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದ್ದರಿಂದ ಬೇಸಿಗೆಯಲ್ಲೂ ಸರೋವರದ ತಳದಲ್ಲಿ ತಣ್ಣನೆಯ ಭಾರದ ನೀರು ಕೂತಿರುತ್ತದೆ, ಬಿಸಿಲಿಗೆ ಕಾದ ಹಗುರ ನೀರು ಮೇಲೆ ತೇಲುತ್ತದೆ. ಎರಡರ ನಡುವೆ ಉಷ್ಣತೆ ಬೇಗಬೇಗ ಇಳಿಯುವ ಪದರವೇ ಥರ್ಮೋಕ್ಲೈನ್. ಸಾಲ್ಮನ್‌ಗಳಲ್ಲಿ ದೊಡ್ಡದಾದ ಚಿನೂಕ್‌ಗೆ ಹಿತವೆನಿಸುವುದು ಸುಮಾರು 10ರಿಂದ 13 ಡಿಗ್ರಿ. ಲೇಕ್ ಟ್ರೌಟ್ ಎಂಬ ಇನ್ನೊಂದು ಮೀನು ಇನ್ನೂ ತಣ್ಣಗಿರುವ ಕಡೆ, ತಳದ ಸಮೀಪ ಇರುತ್ತದೆ. ಮಿಲ್ವಾಕಿ ಇರುವುದು ಪಶ್ಚಿಮ ದಡದಲ್ಲಿ. ಎರಡು ದಿನ ಬೀಸಿದ ಪೂರ್ವದ ಗಾಳಿ ಮೇಲಿನ ಬೆಚ್ಚನೆಯ ನೀರನ್ನೆಲ್ಲ ಈ ದಡಕ್ಕೆ ತಳ್ಳಿ ರಾಶಿ ಹಾಕಿತ್ತು, ತಣ್ಣನೆಯ ಪದರ ಅದರ ಕೆಳಗೆ ತಗ್ಗಿತ್ತು. ಪಶ್ಚಿಮದಿಂದ ಬೀಸಿದ್ದರೆ ಬೆಚ್ಚನೆಯ ನೀರು ಆಚೆಗೆ ಸರಿದು, ತಣ್ಣೀರು ದಡದ ಹತ್ತಿರಕ್ಕೇ ಮೇಲೇಳುತ್ತಿತ್ತು. ಹಾಗಾಗಿ ಹೋಗುವ ದಿನದ ಹವಾಮಾನವನ್ನು ಮಾತ್ರ ನೋಡಬೇಡಿ, ಹಿಂದಿನ ಎರಡು ದಿನಗಳ ಗಾಳಿಯನ್ನೂ ಬರೆದಿಟ್ಟುಕೊಳ್ಳಿ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ, ಆ ಪಾಠ ಪರೀಕ್ಷೆಗಷ್ಟೇ ಅಲ್ಲ ಎಂದು ಅವರಿಗೆ ಈಗಲಾದರೂ ತೋರಿಸಿಕೊಟ್ಟ ಸಂತೋಷ ನನಗೆ.

ದೋಣಿ ಇನ್ನಷ್ಟು ಆಳದ ಕಡೆಗೆ ಹೋಯಿತು, ಗುಂಡುಗಳು ನೂರಹತ್ತು ಅಡಿಗೆ ಇಳಿದವು. ಇಪ್ಪತ್ತು ನಿಮಿಷದೊಳಗೆ ಎಡಗಡೆಯ ಕೋಲು ನೆಟ್ಟಗಾಯಿತು. ನಾನು ಹಿಡಿದೆ, ಅಪ್ಪಯ್ಯ ಕಲಿಸಿದಂತೆ ಜೋರಾಗಿ ಜಗ್ಗಿದೆ, ಓಡುತ್ತಿದ್ದ ನೂಲನ್ನು ಕೈಯಿಂದ ತಡೆದೆ. ನೂಲು ತುಂಡಾಯಿತು. ಮೀನೂ ಹೋಯಿತು, ಸ್ಪೂನೂ ಹೋಯಿತು. ಹೊಳೆಯ ಗಾಳದಲ್ಲಿ ಸರಿಯಾದದ್ದು ಇಲ್ಲಿ ತಪ್ಪು. ಚಲಿಸುತ್ತಿರುವ ದೋಣಿಯೇ ಕೊಕ್ಕೆಯನ್ನು ನಾಟಿಸಿರುತ್ತದೆ, ನೀವು ಜಗ್ಗಬೇಕಾಗಿಲ್ಲ. ಕೋಲಿನ ತುದಿಯನ್ನು ಮೇಲೆತ್ತಿ ಹಿಡಿಯಿರಿ. ಮೀನು ಓಡುವಾಗ ಹಿಡಿಕೆಯಿಂದ ಕೈ ತೆಗೆದು ಓಡಲು ಬಿಡಿ, ರೀಲಿನಲ್ಲಿರುವ ಡ್ರ್ಯಾಗ್ ಎಂಬ ಬಿರಿ ಅದನ್ನು ದಣಿಸುತ್ತದೆ. ಅದು ನಿಂತಾಗ ಕೋಲನ್ನು ನಿಧಾನವಾಗಿ ಎತ್ತಿ, ಇಳಿಸುತ್ತ ಸುತ್ತಿಕೊಳ್ಳಿ. ನೂಲು ಒಂದು ಕ್ಷಣವೂ ಸಡಿಲವಾಗಬಾರದು. ಎರಡನೆಯ ಸಲ ಹೀಗೆಯೇ ಮಾಡಿದೆ. ಹದಿನೈದು ನಿಮಿಷದ ಮೇಲೆ ಆರು ಕಿಲೋ ತೂಕದ ಚಿನೂಕ್ ದೋಣಿಯ ಪಕ್ಕಕ್ಕೆ ಬಂತು. ಬುಟ್ಟಿಬಲೆಯನ್ನು ಮೀನಿನ ಮೇಲೆ ಬೀಸುವುದಿಲ್ಲ. ನೀರಿನಲ್ಲಿ ಇಳಿಬಿಟ್ಟು, ತಲೆ ಮುಂದಾಗಿ ಮೀನೇ ಒಳಗೆ ಬರುವಂತೆ ಎಳೆದುಕೊಳ್ಳುತ್ತಾರೆ.

ಈ ಚಿನೂಕ್ ಅಲ್ಲಿಯದಲ್ಲ ಎಂಬುದನ್ನು ಕಾಯುವ ಹೊತ್ತಿನಲ್ಲಿ ಕ್ಯಾಪ್ಟನ್ ಹೇಳಿದ್ದರು. ಸರೋವರದ ಮೂಲನಿವಾಸಿ ಲೇಕ್ ಟ್ರೌಟ್. ಅತಿಯಾದ ಮೀನುಗಾರಿಕೆ ಮತ್ತು ಲ್ಯಾಂಪ್ರೆ ಎಂಬ ರಕ್ತ ಹೀರುವ ಹಾವಿನಾಕಾರದ ಮೀನು ಸೇರಿ 1950ರ ದಶಕದ ಹೊತ್ತಿಗೆ ಅದನ್ನು ಅಳಿಸಿಯೇ ಹಾಕಿದ್ದವು; ಈಗಿರುವುದು ಆಮೇಲೆ ಮರಿ ಬಿಟ್ಟು ಮತ್ತೆ ಬೆಳೆಸಿದ್ದು. ತಿನ್ನುವ ದೊಡ್ಡ ಮೀನಿಲ್ಲದ ಸರೋವರದಲ್ಲಿ ಹೊರಗಿನಿಂದ ಬಂದ ಏಲ್‌ವೈಫ್ ಎಂಬ ಸಣ್ಣ ಮೀನು ಮಿತಿಮೀರಿ ಬೆಳೆದು, 1967ರಲ್ಲಿ ದಡದುದ್ದಕ್ಕೂ ಸತ್ತು ರಾಶಿಬಿತ್ತು. ಈ ಏಲ್‌ವೈಫನ್ನು ತಿನ್ನಲೆಂದು ಹೊವರ್ಡ್ ಟ್ಯಾನರ್ ಎಂಬ ಮಿಶಿಗನ್ ರಾಜ್ಯದ ಮೀನುಗಾರಿಕಾ ಅಧಿಕಾರಿಯ ಮುಂದಾಳತ್ವದಲ್ಲಿ ಪೆಸಿಫಿಕ್ ಕರಾವಳಿಯ ಕೋಹೊ ಸಾಲ್ಮನ್ ಮರಿಗಳನ್ನು 1966ರಲ್ಲಿ, ಚಿನೂಕ್ ಮರಿಗಳನ್ನು 1967ರಲ್ಲಿ ಬಿಟ್ಟರು. ಇಂದಿಗೂ ಇಲ್ಲಿನ ಚಿನೂಕ್ ಏಲ್‌ವೈಫನ್ನೇ ನಂಬಿ ಬದುಕುತ್ತದೆ. ನಮ್ಮ ಸ್ಪೂನುಗಳು ಆ ಬೆಳ್ಳಿ ಮೀನನ್ನೇ ಹೋಲುವುದು ಅದಕ್ಕಾಗಿ.

ಶುಕ್ರವಾರ ಅಳಿಯನ ಸಹೋದ್ಯೋಗಿಯ ಸಣ್ಣ ದೋಣಿಯಲ್ಲಿ ಹೋದೆವು. ಬುಧವಾರ ನೋಡಿದ್ದನ್ನು ಅಂದು ಸ್ವಂತ ಕೈಯಿಂದ ಮಾಡಿದೆ. ಸಾಧ್ಯವಿದ್ದರೆ ಈ ಎರಡನೆಯ ಸುತ್ತನ್ನು ತಪ್ಪಿಸಬೇಡಿ. ಅಂದು ಕಲಿತದ್ದರಲ್ಲಿ ದೊಡ್ಡದು ತಿರುವಿನ ಪಾಠ. ದೋಣಿ ಬಲಕ್ಕೆ ತಿರುಗಿದಾಗ ಬಲಗಡೆಯ ಗಾಳಗಳು ನಿಧಾನವಾಗುತ್ತವೆ, ಎಡಗಡೆಯವು ವೇಗ ಪಡೆಯುತ್ತವೆ. “ಅತ್ತೆ, ನೋಡಿ, ತಿರುಗಿದಾಗಲೆಲ್ಲ ಹೊರಗಿನ ಗಾಳಕ್ಕೇ ಬೀಳುತ್ತಿದೆ” ಎಂದು ಅಳಿಯ ಹೇಳಿದ. ಮೀನು ಇನ್ನಷ್ಟು ವೇಗ ಬಯಸುತ್ತಿದೆ ಎಂದರ್ಥ. ಸ್ವಲ್ಪ ವೇಗ ಹೆಚ್ಚಿಸಿದೆವು, ನೇರವಾಗಿ ಹೋಗುವಾಗಲೂ ಕಚ್ಚತೊಡಗಿದವು. ಲೇಕ್ ಟ್ರೌಟ್ ಬೇಕಾದಾಗ ಮಾತ್ರ ವೇಗವನ್ನು ಗಂಟೆಗೆ ಎರಡು ಮೈಲಿಗಿಂತ ಕಡಿಮೆ ಮಾಡಿ, ಗುಂಡನ್ನು ತಳಕ್ಕೆ ತಾಗಿಯೂ ತಾಗದಂತೆ ಎಳೆದೆವು.

ಇನ್ನು ಸಿದ್ಧತೆ. ವೀಸಾ ಸಂದರ್ಶನಕ್ಕೆ ನಾವು ಚೆನ್ನೈಗೆ ಹೋಗಿದ್ದೆವು. ದಿನಾಂಕ ಸಿಗುವುದು ತಡವಾಗಬಹುದು, ಬೇಗ ಆರಂಭಿಸಿ. ಚಿಕಾಗೊಗೆ ಬೆಂಗಳೂರಿನಿಂದ ಒಂದು ಕಡೆ ವಿಮಾನ ಬದಲಿಸಿ ಹೋದೆವು. ಅಲ್ಲಿನ ಯೂನಿಯನ್ ಸ್ಟೇಷನ್ನಿನಿಂದ ಮಿಲ್ವಾಕಿಗೆ ಹಿಯಾವಥಾ ರೈಲಿನಲ್ಲಿ ಒಂದೂವರೆ ಗಂಟೆ. ಮೀನು ಹಿಡಿಯಲು ವಿಸ್ಕಾನ್ಸಿನ್ ರಾಜ್ಯದ ಪರವಾನಗಿ ಬೇಕು, ಅದನ್ನು ಆನ್‌ಲೈನಿನಲ್ಲೇ ಪಡೆಯಬಹುದು. ಸಾಲ್ಮನ್, ಟ್ರೌಟ್‌ಗಳಿಗೆ ಸ್ಟಾಂಪ್ ಎಂಬ ಬೇರೆ ಅನುಮತಿ ಬೇಕೇ, ದಿನಕ್ಕೆ ಎಷ್ಟು ಮೀನು ಇಟ್ಟುಕೊಳ್ಳಬಹುದು ಎಂಬುದನ್ನು ದೋಣಿಯವರನ್ನು ಕೇಳಿ ಖಚಿತಪಡಿಸಿಕೊಳ್ಳಿ. ದೋಣಿಯ ಬಾಡಿಗೆ ನೂರಾರು ಡಾಲರ್. ಆರು ಮಂದಿಯವರೆಗೆ ಹಂಚಿಕೊಂಡರೆ ಭಾರವಾಗದು. ಕ್ಯಾಪ್ಟನ್ನಿನ ಸಹಾಯಕನಿಗೆ ಬಾಡಿಗೆಯ ಶೇಕಡ 15ರಿಂದ 20ರಷ್ಟು ಇನಾಮು ಕೊಡುವುದು ಅಲ್ಲಿನ ರೂಢಿ, ಅದನ್ನೂ ಲೆಕ್ಕದಲ್ಲಿ ಸೇರಿಸಿ. ಜುಲೈ ಆದರೂ ನಸುಕಿನಲ್ಲಿ ಸ್ವೆಟರ್ ಮತ್ತು ಗಾಳಿ ತಡೆಯುವ ಅಂಗಿ ಎರಡೂ ಬೇಕು. ಅಲೆಗೆ ತಲೆ ಸುತ್ತುವವರು ವೈದ್ಯರನ್ನು ಕೇಳಿ ಹಿಂದಿನ ರಾತ್ರಿಯೇ ಮಾತ್ರೆ ತೆಗೆದುಕೊಳ್ಳಲಿ. ಬುತ್ತಿಗೆ ಚಪಾತಿ ಚಟ್ನಿಪುಡಿ ಸಾಕು, ಬಾಳೆಹಣ್ಣು ಒಯ್ಯಬೇಡಿ. ದೋಣಿಯಲ್ಲಿ ಬಾಳೆಹಣ್ಣು ಅಪಶಕುನವೆಂದು ಅಲ್ಲಿನವರು ನಿಜವಾಗಿ ನಂಬುತ್ತಾರೆ, ಅದನ್ನು ಗೌರವಿಸಿ. ಮನೆಯಲ್ಲೇ ಕಿಟಕಿಯ ಸರಳಿಗೆ ನೈಲಾನ್ ನೂಲು ಕಟ್ಟಿ ಗಂಟು ಹಾಕುವುದನ್ನು ಅಭ್ಯಾಸ ಮಾಡಿ. ಬಿಗಿಯುವ ಮುನ್ನ ಗಂಟನ್ನು ಒದ್ದೆ ಮಾಡಲೇಬೇಕು, ಇಲ್ಲದಿದ್ದರೆ ಉಜ್ಜಿದ ಬಿಸಿಗೆ ನೂಲಿನ ಬಲ ಕುಂದುತ್ತದೆ.

ಅಡುಗೆಯ ಮುನ್ನ ಒಂದು ಎಚ್ಚರಿಕೆ. ಈ ಸರೋವರದ ದೊಡ್ಡ ಮೀನುಗಳ ಕೊಬ್ಬಿನಲ್ಲಿ ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕ ಸೇರಿರುತ್ತದೆ. ಎಷ್ಟು ತಿನ್ನಬಹುದೆಂದು ರಾಜ್ಯವೇ ಸಲಹೆ ಪ್ರಕಟಿಸುತ್ತದೆ. ಗರ್ಭಿಣಿಯರು ಮತ್ತು ಮಕ್ಕಳಿರುವ ಮನೆಯವರು ಅದನ್ನು ಓದಲೇಬೇಕು. ಚರ್ಮ ಸುಲಿದು, ಬೆನ್ನಿನ ಮತ್ತು ಹೊಟ್ಟೆಯ ಕೊಬ್ಬನ್ನು ಕತ್ತರಿಸಿ ತೆಗೆಯಿರಿ. ಉಳಿದ ತುಂಡುಗಳಿಗೆ ನಾನು ಬ್ಯಾಡಗಿ ಮೆಣಸು, ಕೊತ್ತಂಬರಿ, ಬೆಳ್ಳುಳ್ಳಿ, ಹುಣಸೆ ಅರೆದು ಹಚ್ಚಿ ಕಾವಲಿಯ ಮೇಲೆ ಹಾಕಿದೆ. ಬಂಗುಡೆಗೆ ಬೇಕಾದಷ್ಟು ಎಣ್ಣೆ ಬೇಡ, ಸಾಲ್ಮನ್ ತನ್ನ ಎಣ್ಣೆಯಲ್ಲೇ ಬೇಯುತ್ತದೆ. ಲೇಕ್ ಟ್ರೌಟ್ ಮೆತ್ತಗಿರುವುದರಿಂದ ಸಾರಿನಲ್ಲಿ ಒಡೆದುಹೋಗುತ್ತದೆ, ಅದನ್ನೂ ಹುರಿಯುವುದೇ ವಾಸಿ. ಮೆಣಸನ್ನು ಮಾತ್ರ ಇಲ್ಲಿಂದಲೇ ಒಯ್ಯಿರಿ, ಅರ್ಧ ಕಿಲೋ ಸಾಕಾಗುತ್ತದೆ.