ಒಂದು ಟಿಎಂಸಿಗೆ ಎಷ್ಟು ಹೇರು?

ಮೇ ತಿಂಗಳಲ್ಲಿ ಊರಿಗೆ ಹೋದಾಗ ಅಣ್ಣ ಮನೆಯಲ್ಲಿರಲಿಲ್ಲ. "ಹಿನ್ನೀರಿಗೆ ಹೋಗಿದ್ದಾರೆ, ಮಣ್ಣಿಗೆ" ಎಂದರು ಅತ್ತಿಗೆ. ನಮ್ಮದು ಮರಿಯಮ್ಮನಹಳ್ಳಿ. ಅಜ್ಜನ ಕಾಲಕ್ಕೆ ನಾರಾಯಣದೇವರಕೆರೆ. ತುಂಗಭದ್ರಾ ಅಣೆಕಟ್ಟು ಕಟ್ಟಿದಾಗ ಅದು ಮುಳುಗಿ ಜನ ಇಲ್ಲಿಗೆ ಬಂದರು. ಕೆರೆಯ ಹೆಸರಿನ ಊರೇ ನೀರಿನಡಿ ಹೋಯಿತು ಎಂದು ಹೇಳುವಾಗ ಅಜ್ಜ ನಗುತ್ತಿದ್ದನೋ ಬೈಯುತ್ತಿದ್ದನೋ ತಿಳಿಯುತ್ತಿರಲಿಲ್ಲ.

ಒಂಬತ್ತನೆಯ ತರಗತಿ ಮುಗಿಸಿದ್ದ ಅಣ್ಣನ ಮಗಳನ್ನು ಕರೆದುಕೊಂಡು ನಾನೂ ಹೋದೆ. ನೀರು ಹಿಂದೆ ಸರಿದ ಜಾಗವೆಲ್ಲ ಬಿರಿದು, ರೊಟ್ಟಿಯಗಲದ ಹೆಂಟೆಗಳಾಗಿ ಬಿದ್ದಿತ್ತು. ಒಂದನ್ನು ಎತ್ತಿದೆ. ಮೇಲುಗಡೆ ಹಪ್ಪಳದಂತೆ ಅಂಚು ಮುದುರಿ ಗಟ್ಟಿಯಾಗಿದೆ, ಕೆಳಗಡೆ ಇನ್ನೂ ಪಸೆ ಇದೆ. ಮುರಿದರೆ ಒಳಗೆ ತೆಳು ಪದರಗಳು, ನಡುನಡುವೆ ಬಸವನಹುಳುವಿನ ಬಿಳಿ ಚಿಪ್ಪು. ಬೆರಳಲ್ಲಿ ತಿಕ್ಕಿದರೆ ಜೋಳದ ಹಿಟ್ಟಿಗಿಂತ ನುಣುಪು, ಹರಳಿನ ಸುಳಿವೇ ಇಲ್ಲ. ಮೇಲಿನ ಸೀಮೆಯ ಯಾರದೋ ಹೊಲದ ಮೇಲ್ಮಣ್ಣು ಇದು. ಅವರು ಕಳೆದುಕೊಂಡಿದ್ದನ್ನು ನಮ್ಮಣ್ಣ ಟ್ರೇಲರಿಗೆ ತುಂಬುತ್ತಿದ್ದ.

ಅಣ್ಣನದು ಮಸಾರಿ ಹೊಲ, ಹುಯ್ದ ನೀರು ನಿಲ್ಲುವುದಿಲ್ಲ. ಹೂಳು ಹಾಕಿದರೆ ತೇವ ಹಿಡಿಯುತ್ತದೆ. ಹಾಗೆಂದು ಬರೀ ಹೂಳು ಸುರಿದರೆ ಒಣಗಿ ಕಲ್ಲಾಗುತ್ತದಂತೆ. ತಿಪ್ಪೆಗೊಬ್ಬರ ಬೆರೆಸಿ, ತೆಳ್ಳಗೆ ಹರಡಬೇಕು.

"ಹೋದ ವರ್ಷ ಗೇಟು ಕೊಚ್ಚಿಹೋಯಿತಲ್ಲ, ಆಗ ಹೂಳೂ ಹೋಗಿರಬೇಕಲ್ಲವೇ?" ಎಂದು ಮಣ್ಣು ತುಂಬಲು ಬಂದಿದ್ದ ಹುಡುಗನೊಬ್ಬ ಕೇಳಿದ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ತುಂಡಾದಾಗಿನಿಂದ ಈ ಪ್ರಶ್ನೆಯನ್ನು ಎಷ್ಟು ಜನರಿಂದ ಕೇಳಿದ್ದೇನೋ. ಹೋಗುವುದಿಲ್ಲ. ಆ 33 ಗೇಟುಗಳಿರುವುದು ಗೋಡೆಯ ತಲೆಯ ಮೇಲೆ, ಎತ್ತರ 20 ಅಡಿ. ಅಲ್ಲಿಂದ ಹೊರಬೀಳುವುದು ಮೇಲಿನ ನೀರು. ಪಾತ್ರೆಯನ್ನು ಸ್ವಲ್ಪ ಬಾಗಿಸಿ ತಿಳಿ ಬಸಿದರೆ ತಳದ ಬೇಳೆ ಬರುತ್ತದೆಯೇ? ಅಲ್ಲದೆ ಹೂಳೆಲ್ಲ ಗೋಡೆಯ ಬುಡದಲ್ಲಿ ಗುಡ್ಡೆಯಾಗಿ ಕೂತಿಲ್ಲ. ಹರಿದು ಬಂದ ಹೊಳೆ ಹಿನ್ನೀರಿಗೆ ಸೇರಿ ವೇಗ ಕಳೆದುಕೊಂಡ ಜಾಗದಲ್ಲೇ ಮರಳನ್ನು ಇಳಿಸುತ್ತದೆ. ನುಣುಪು ಮಣ್ಣು ಮುಂದೆ ಮುಂದೆ ತೇಲಿ ನಿಧಾನಕ್ಕೆ ತಳ ಸೇರುತ್ತದೆ. ಹೀಗಾಗಿ ಹೂಳು ಇಡೀ ಜಲಾಶಯದ ಉದ್ದಕ್ಕೂ ಹಾಸಿಕೊಂಡಿದೆ.

ನಾನು ಗಣಿತದ ಶಿಕ್ಷಕಿ, ಲೆಕ್ಕ ಬಿಟ್ಟು ಇರಲಾರೆ. ಸಂಜೆ ಕಟ್ಟೆಯ ಮೇಲೆ ಅಣ್ಣನ ಮಗಳ ಹಳೆಯ ನೋಟುಪುಸ್ತಕ ತೆಗೆದೆ. 1953ರಲ್ಲಿ ಜಲಾಶಯ ಹಿಡಿಯುತ್ತಿದ್ದ ನೀರು ಸುಮಾರು 133 ಟಿಎಂಸಿ. 2008ರ ಸಮೀಕ್ಷೆ ಅದನ್ನು 100.855 ಎಂದಿತು, 2016ರ ಸಮೀಕ್ಷೆ 105.788 ಎಂದಿತು. ಎಂಟು ವರ್ಷದಲ್ಲಿ ಐದು ಟಿಎಂಸಿ ಹೂಳು ತಾನಾಗಿ ಎದ್ದು ಹೋಗಿರಲಾರದು, ಬದಲಾದದ್ದು ಅಳತೆ. ಇರಲಿ, ಹೊಸ ಅಂಕಿಯನ್ನೇ ಹಿಡಿದರೂ 27 ಟಿಎಂಸಿಯ ಜಾಗ ಹೋಗಿದೆ.

ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಅಣ್ಣನ ಟ್ರೇಲರಿನಲ್ಲಿ ಹಿಡಿಯುವುದು ಹೆಚ್ಚುಕಡಿಮೆ ನೂರು ಘನ ಅಡಿ. ಅಲ್ಲಿಗೆ ಒಂದು ಟಿಎಂಸಿಗೆ ಒಂದು ಕೋಟಿ ಹೇರು! ಇಷ್ಟು ಸಲೀಸಾದ ಲೆಕ್ಕ ಇಷ್ಟು ವರ್ಷ ನನಗೆ ಹೊಳೆದಿರಲಿಲ್ಲ. 27 ಕೋಟಿ ಹೇರು. ದಿನಕ್ಕೆ ಹತ್ತು ಸಾವಿರ ಹೇರು ಎತ್ತಿದರೆ 27,000 ದಿನ, ಎಂದರೆ 74 ವರ್ಷ. ಮಳೆಗಾಲದಲ್ಲೂ ರಜೆ ಇಲ್ಲ. ಎತ್ತಿದ್ದನ್ನು ಎಲ್ಲಿ ಸುರಿಯುವುದು ಎಂಬ ಮಾತನ್ನೇ ನಾನು ತೆಗೆದಿರಲಿಲ್ಲ.

ಹುಡುಗಿ ನೋಟುಪುಸ್ತಕ ಎಳೆದುಕೊಂಡಳು. "ಅತ್ತೆ, ಆ 74 ವರ್ಷ ಹೊಸ ಹೂಳು ಬರುವುದಿಲ್ಲವಾ?"

ಇಪ್ಪತ್ತು ವರ್ಷ ಪಾಠ ಮಾಡಿದವಳಿಗೆ ಇದು ಬೇಕಿತ್ತು. 27 ಕೋಟಿಯನ್ನು 1953ರಿಂದ 2016ರವರೆಗಿನ 63 ವರ್ಷಕ್ಕೆ ಭಾಗಿಸಿ, ಮತ್ತೆ 365ಕ್ಕೆ ಭಾಗಿಸಿದಳು. ಸರಾಸರಿ ದಿನಕ್ಕೆ 11,742 ಹೇರು. ನನ್ನ ಹತ್ತು ಸಾವಿರದ ಪಕ್ಕದಲ್ಲಿ ಅದನ್ನು ಬರೆದು, ಕೆಳಗೆ ಎರಡು ಗೆರೆ ಎಳೆದಳು. ದಿನಾ ಹತ್ತು ಸಾವಿರ ಹೇರು ಎತ್ತಿದರೂ ಹೂಳು ಹೆಚ್ಚುತ್ತಲೇ ಇರುತ್ತದೆ. ಹೂಳು ನುಂಗಿದ ಜಾಗಕ್ಕೆ ಬದಲಾಗಿ ಕೊಪ್ಪಳ ಜಿಲ್ಲೆಯ ನವಲಿಯ ಹತ್ತಿರ ನೀರು ಹಿಡಿಯಲು ಇನ್ನೊಂದು, ಸಮತೋಲನ ಜಲಾಶಯ ಬೇಕೆಂಬ ಮಾತು ಯಾಕೆ ಎದ್ದಿತು ಎಂಬುದು ನನಗೆ ಆ ಎರಡು ಗೆರೆಗಳಲ್ಲಿ ಅರ್ಥವಾಯಿತು.

ಅಣ್ಣ ಕೈಕಾಲು ತೊಳೆದು ಬಂದು ನೋಟುಪುಸ್ತಕವನ್ನು ಒಮ್ಮೆ ನೋಡಿದ.

"ಈ ಲೆಕ್ಕ ನೀವಿಬ್ಬರೇ ಇಟ್ಟುಕೊಳ್ಳಿ. ನನಗೆ ಇನ್ನು ಹದಿನೈದು ಹೇರು ಬೇಕು, ಮಳೆ ಬೀಳುವುದರೊಳಗೆ" ಎಂದು ಅತ್ತಿಗೆಯ ಕಡೆ ತಿರುಗಿ ಊಟಕ್ಕೆ ಬಡಿಸಲು ಹೇಳಿದ.