ಉಡಿ ತುಂಬಲು ಹೋದಲ್ಲಿ ಬನವಾಸಿ ಸೆಟ್ಟಿ

ಹೋದ ಮಳೆಗಾಲದಲ್ಲಿ ನನ್ನ ಮಗನಿಗೆ ಡೆಂಗ್ಯೂ ಬಂದಿತ್ತು. ಪ್ಲೇಟ್‌ಲೆಟ್ ಇಳಿಯುತ್ತಲೇ ಹೋದ ಆ ನಾಲ್ಕು ದಿನ ಅತ್ತೆ ಸರಿಯಾಗಿ ಊಟ ಮಾಡಲಿಲ್ಲ. "ಹುಡುಗ ಆರಾಮಾಗಿ ಮನಿಗೆ ಬರಲಿ, ನಿನ್ನ ಉಡಿ ತುಂಬತೇನಿ ತಾಯಿ" ಎಂದು ಸವದತ್ತಿ ಯಲ್ಲಮ್ಮನಿಗೆ ಹರಕೆ ಹೊತ್ತರು. ಮಗ ಹುಷಾರಾದ. ಆದರೆ ಪುಣೆಯಿಂದ ಸವದತ್ತಿ ಪ್ರಯಾಣ ಮಾತ್ರ ಶಾಲೆ, ಪರೀಕ್ಷೆ, ರಜೆ ಅಂತ ಮುಂದೆ ಮುಂದೆ ಹೋಯಿತು. ಹರಕೆ ಬಾಕಿ ಇದ್ದರೆ ಅತ್ತೆಗೆ ನಿದ್ದೆ ಬರುವುದಿಲ್ಲ.

ದಾರಿ ತೋರಿಸಿದವರು ಚಿಂಚವಡದ ನಮ್ಮ ಕಟ್ಟಡದ ಕೆಳಮನೆಯ ಆಯಿ. ಅವರದು ಕೊಂಕಣದ ಮೀನುಗಾರರ ಮನೆತನ. ಕಾರ್ಲಾದ ಏಕ್ವೀರಾ ದೇವಿ ಅವರ ಕುಲದೇವತೆ. ಏಕ್ವೀರಾ ಅಂದರೂ ರೇಣುಕೆಯೇ, ಅಲ್ಲಿ ಓಟಿ ತುಂಬಿದರೆ ನಿಮ್ಮ ಯಲ್ಲಮ್ಮನಿಗೂ ಮುಟ್ಟುತ್ತದೆ ಎಂದರು. ನಾವು ಉಡಿ ಎನ್ನುವುದನ್ನೇ ಇಲ್ಲಿ ಓಟಿ ಎನ್ನುತ್ತಾರೆ. ಅತ್ತೆ ಸ್ವಲ್ಪ ಹೊತ್ತು ಯೋಚಿಸಿ, "ಸವದತ್ತಿಗಿ ಹೋಗೂದು ಹೋಗೂದs. ಅಲ್ಲೀತನಕ ಇಲ್ಲೇ ತಾಯಿಗೆ ಹೇಳಿ ಬರೂಣು" ಅಂದರು. ಪೆಟ್ಟಿಗೆಯಿಂದ ಗುಳೇದಗುಡ್ಡದ ಖಣ ತೆಗೆದಿಟ್ಟರು.

ಲೋನಾವಳ ಲೋಕಲ್ ಹಿಡಿದರೆ ಕಾರ್ಲಾಕ್ಕೆ ಇಳಿಯುವ ಮಳವಲಿ ಸ್ಟೇಷನ್ ಒಂದು ಗಂಟೆಯೊಳಗೆ. ಹಳಿಯ ಒಂದು ಬದಿಗೆ ಕಾರ್ಲಾ ಬೆಟ್ಟ, ಇನ್ನೊಂದು ಬದಿಗೆ ಭಾಜಾ ಗುಹೆಗಳು, ಅದರಾಚೆ ಲೋಹಗಡ, ವಿಸಾಪುರ ಕೋಟೆಗಳು. ಕಾರ್ಲಾ ಬೆಟ್ಟಕ್ಕೆ ಮೆಟ್ಟಿಲು ಮುನ್ನೂರಕ್ಕೂ ಜಾಸ್ತಿ. ಅತ್ತೆ ಹತ್ತು ಮೆಟ್ಟಿಲಿಗೊಮ್ಮೆ ನಿಂತು ಹತ್ತಿದರು. ಪಕ್ಕದಲ್ಲಿ ಪಾಲ್ಕಿ ಹೊತ್ತವರು "ಏಕ್ವೀರಾ ಆಯೀಚಾ ಉದೋ ಉದೋ" ಎಂದು ಕೂಗಿದರು. ಅತ್ತೆ ಗಕ್ಕನೆ ನಿಂತರು. "ನಮ್ಮ ಉಧೋ ಉಧೋನs ಐತೆಲ್ಲವಾ ಇದು!" ಆಮೇಲೆ ಅವರು ಎಲ್ಲೂ ನಿಲ್ಲಲಿಲ್ಲ.

ಉಡಿ ತುಂಬಿದ್ದಾಯಿತು. ಖಣ, ತೆಂಗಿನಕಾಯಿ, ಅಕ್ಕಿ, ಅರಿಸಿನದ ಕೊಂಬು. ದೇವಿಯ ಮುಖ ನೋಡುತ್ತಾ ಅತ್ತೆ ಅತ್ತರು. ಅಷ್ಟು ತಿಂಗಳ ಭಾರ ಅದು.

ದೇವಿಯ ಗುಡಿ ಇರುವುದೇ ಬೌದ್ಧರ ದೊಡ್ಡ ಚೈತ್ಯದ, ಅಂದರೆ ಪ್ರಾರ್ಥನೆಯ ಗುಹೆಯ, ಬಾಗಿಲ ಮುಂದೆ. ಒಂದು ಪಕ್ಕದಲ್ಲಿ ಸಿಂಹಗಳ ಕಂಬ, ಒಳಗೆ ಇಡೀ ಬೆಟ್ಟವನ್ನೇ ಕೊರೆದು ಮಾಡಿದ ಮನೆ. ಹೆಚ್ಚುಕಡಿಮೆ 1900 ವರ್ಷ ಹಳೆಯದು. ಎರಡೂ ಕಡೆ ಕಂಬಗಳ ಸಾಲು, ಕಂಬದ ತಲೆಯ ಮೇಲೆ ಆನೆ ಏರಿದ ಗಂಡು ಹೆಣ್ಣು. ಮೇಲೆ ನೋಡಿದರೆ ಬಿಲ್ಲಿನಂತೆ ಬಾಗಿದ ಮರದ ಪಟ್ಟಿಗಳು. ಅವು ಆ ಕಾಲದ ಮರವೇ. ಇಷ್ಟು ಮಳೆಗಾಲ ದಾಟಿ ಅವು ಇನ್ನೂ ಅಲ್ಲೇ ಇವೆ ಎಂದು ನೆನೆದರೆ ನನಗೆ ಈಗಲೂ ಮೈ ಜುಂ ಅನ್ನುತ್ತದೆ. ಕೊನೆಯಲ್ಲಿ ಸ್ತೂಪ. ಮೂರ್ತಿ ಇಲ್ಲ, ಮುಖ ಇಲ್ಲ. ಕುದುರೆ ಲಾಳದಂಥ ದೊಡ್ಡ ಕಿಟಕಿಯಿಂದ ಬೆಳಕು ಒಳಗೆ ಬರುತ್ತದೆ.

ಬಾಗಿಲ ಹೊರಗಿನ ಮೊಗಸಾಲೆಯ ಎಡಬದಿಯಲ್ಲಿ ಬ್ರಾಹ್ಮಿ ಅಕ್ಷರದ ಒಂದು ಸಾಲಿದೆ. ಭಾಷೆ ಪ್ರಾಕೃತ. ವೇಜಯಂತಿಯ ಸೆಟ್ಟಿ ಭೂತಪಾಲ ಈ ಕಲ್ಲಿನ ಮನೆಯನ್ನು ಪೂರ್ತಿ ಮಾಡಿಸಿದ, ಜಂಬೂದ್ವೀಪದಲ್ಲೇ ಇದು ಉತ್ತಮ ಎಂದು ಅದರ ಅರ್ಥ. ವೇಜಯಂತಿ ಅಂದರೆ ವೈಜಯಂತಿ, ನಮ್ಮ ಬನವಾಸಿ ಎನ್ನುತ್ತಾರೆ ವಿದ್ವಾಂಸರು. ನನ್ನ ತವರು ಶಿರಸಿ. ಬನವಾಸಿ ಮಧುಕೇಶ್ವರನ ರಥೋತ್ಸವಕ್ಕೆ ಅಪ್ಪನ ಹೆಗಲ ಮೇಲೆ ಕೂತು ಹೋದವಳು ನಾನು. ಅಲ್ಲಿನ ಐದು ಹೆಡೆಯ ನಾಗರಕಲ್ಲಿಗೆ ಕೈ ಮುಗಿದಿದ್ದೇನೆ. ಆ ಕಲ್ಲಿನ ಮೇಲೂ ಇಂಥದೇ ಪ್ರಾಕೃತ ಬರಹವಿದೆ. ರಾಜಮನೆತನದ ಒಬ್ಬ ಹೆಣ್ಣುಮಗಳು ನಾಗ, ಕೆರೆ, ವಿಹಾರ ದಾನ ಮಾಡಿದ ಮಾತು ಅದರಲ್ಲಿದೆ. ಈಗ ಇಲ್ಲಿ, ಸಹ್ಯಾದ್ರಿಯ ಇನ್ನೊಂದು ತುದಿಯಲ್ಲಿ, ನಮ್ಮೂರಿನ ಕಡೆಯವನ ಹೆಸರು!

ಆ ಸಾಲನ್ನು ನಾನು ತುಂಬ ಹೊತ್ತು ನೋಡಿದೆ. ಅದರಲ್ಲಿ ಬೇಡಿಕೆಯೇ ಇಲ್ಲ. ಮಗ ಹುಷಾರಾಗಲಿ ಅಂತಿಲ್ಲ, ವ್ಯಾಪಾರ ಹೆಚ್ಚಲಿ ಅಂತಿಲ್ಲ. ಅವನಿಗೂ ಮಕ್ಕಳಿದ್ದಿರಬಹುದು, ಜ್ವರ ಬಂದಿರಬಹುದು. ಆದರೆ ಮಾಡಿಸಿದೆ, ಚೆನ್ನಾಗಿದೆ ಎಂದು ಮಾತ್ರ ಬರೆಸಿ ಸುಮ್ಮನಾದ. ಚೈತ್ಯ ಅವನೊಬ್ಬನದೇ ಅಲ್ಲ. ಒಳಗಿನ ಕಂಬಗಳಲ್ಲಿ ಯವನರು, ಅಂದರೆ ಗ್ರೀಕರ ಕಡೆಯವರು, ಕೊಟ್ಟವೂ ಇವೆ. ಬಾಗಿಲು ಧೇನುಕಾಕಟ ಎಂಬ ಊರಿನ ಸಾಮಿ ಎಂಬ ಬಡಗಿ ಮಾಡಿದ್ದು. ಬಡಗಿಯ ಹೆಸರೂ ಸೆಟ್ಟಿಯ ಹೆಸರಿನಷ್ಟೇ ಕಾಲ ಉಳಿದಿದೆಯಲ್ಲ ಎಂದು ತುಂಬ ಖುಷಿಯಾಯಿತು.

ನಾನು ಮನೆಯಿಂದ ಹೊರಡುವಾಗ ಮನಸ್ಸಿನಲ್ಲೇ ಒಂದು ಪಟ್ಟಿ ಮಾಡಿಕೊಂಡಿದ್ದೆ. ಮಗನ ಹತ್ತನೇ ಕ್ಲಾಸು, ಮನೆ ಸಾಲ, ಅಣ್ಣನ ಜೊತೆಗಿನ ಮನಸ್ತಾಪ. ಸ್ತೂಪದ ಸುತ್ತ ಮೂರು ಸುತ್ತು ಬಂದೆ. ಒಂದನ್ನೂ ಕೇಳಲಿಲ್ಲ. ಸುಮ್ನೆ ಕಲ್ಲಿಗೆ ಹಣೆ ತಾಗಿಸಿ ನಿಂತೆ. ತಣ್ಣಗಿತ್ತು.

ಮಧ್ಯಾಹ್ನ ಗಂಡ, ಮಗ ಇಬ್ಬರೂ ಲೋಹಗಡ ಹತ್ತಿದರು. 1670ರಲ್ಲಿ ಶಿವಾಜಿ ಮಹಾರಾಜರು ಮರಳಿ ಗೆದ್ದ ಕೋಟೆ ಅದು. ಚೇಳಿನ ಬಾಲದಂತೆ ಚಾಚಿದ ವಿಂಚೂ ಕಡಾದ ತುದಿತನಕ ಹೋಗಿ ಬಂದೆ ಎಂದು ಮಗ ಆಮೇಲೆ ಹೇಳಿದ. ಒಂದು ವರ್ಷದ ಹಿಂದೆ ಹಾಸಿಗೆಯಿಂದ ಏಳಲಾರದೆ ಇದ್ದ ಹುಡುಗ.

ನಾನು, ಅತ್ತೆ ಭಾಜಾದಲ್ಲಿ ಉಳಿದೆವು. ಭಾಜಾ ಕಾರ್ಲಾಕ್ಕಿಂತಲೂ ಹಳೆಯದು, ಕ್ರಿಸ್ತಪೂರ್ವ ಕಾಲದ್ದು. ಅಲ್ಲಿ ಒಂದೆಡೆ 14 ಚಿಕ್ಕ ಸ್ತೂಪಗಳು ಒತ್ತಾಗಿ ನಿಂತಿವೆ. ಕೆಲವು ಒಳಗೆ, ಕೆಲವು ಹೊರಗೆ. ಅವುಗಳಲ್ಲಿ ಕೆಲವದರ ಮೇಲೆ ಅಲ್ಲಿದ್ದ ಹಿರಿಯ ಭಿಕ್ಷುಗಳ ಹೆಸರಿದೆ ಎಂದು ನಾನು ಹೇಳಿದೆ. ಅತ್ತೆ ಚಪ್ಪಲಿ ಬಿಟ್ಟರು. "ಹಂಗಾದ್ರ ಇವು ನಮ್ಮ ಮಠದ ಅಜ್ಜಾರ ಗದ್ದಿಗಿ ಇದ್ಹಂಗ" ಎಂದು ಒಂದೊಂದಕ್ಕೂ ಬೇರೆ ಬೇರೆಯಾಗಿ ನಮಸ್ಕಾರ ಮಾಡಿದರು. 14 ಸಲ. ನಾನೂ ಹಿಂದೆ ಹಿಂದೆ ಮಾಡಿದೆ.

ಸಂಜೆ ಲೋಕಲ್‌ನಲ್ಲಿ ಕಿಟಕಿ ಪಕ್ಕ ಕೂತು ಅತ್ತೆ ಬೈಲಹೊಂಗಲದ ತಂಗಿಗೆ ಫೋನ್ ಹಚ್ಚಿದರು. ಗಾಡಿ ಸದ್ದಿಗೆ ದನಿ ಏರಿಸಿ ಹೇಳಿದರು: "ಉಡಿ ತುಂಬಿ ಬಂದೆ. ಹೂಂ, ಇಲ್ಲೇ, ಪುಣೆ ಕಡಿ. ಬನವಾಸಿ ಸೆಟ್ಟಿ ಒಬ್ಬಾವ ಗುಡ್ಡ ಕೊರದು ಮನಿ ಕಟ್ಟಿಸ್ಯಾನ. ಯಲ್ಲವ್ವ ಅದರ ಬಾಗಲದಾಗ ಕುಂತಾಳ."